ಈಜುಕೊಳದ ಗಡಿಯಾರದಿಂದ ಬೆನ್ನಿನ ಸೆನ್ಸರ್‌ವರೆಗೆ

ಆಸ್ಟ್ರೇಲಿಯನ್ ಫುಟ್ಬಾಲ್ ಲೀಗಿನ ಪಂದ್ಯ ನೋಡುವಾಗ ಆಟಗಾರ ಬೆನ್ನು ತಿರುಗಿಸಿದರೆ, ಜೆರ್ಸಿಯ ಒಳಗೆ ಎರಡು ಹೆಗಲುಗಳ ನಡುವೆ ಬೆಂಕಿಪೊಟ್ಟಣದಷ್ಟು ಉಬ್ಬು ಕಾಣುತ್ತದೆ. ಅದರೊಳಗೆ ಉಪಗ್ರಹದ ಸಂಕೇತ ಹಿಡಿಯುವ ಜಿಪಿಎಸ್ ಇದೆ, ವೇಗದ ಏರಿಳಿತವನ್ನು ಸೆಕೆಂಡಿಗೆ 100 ಸಲ ದಾಖಲಿಸುವ ಅಕ್ಸೆಲೆರೋಮೀಟರ್ ಇದೆ, ದೇಹ ಎತ್ತ ತಿರುಗಿತೆಂದು ಹೇಳುವ ಗೈರೋಸ್ಕೋಪ್ ಇದೆ. ಆಟಗಾರ ಓಡಿದ ದೂರ, ಢಿಕ್ಕಿ ಹೊಡೆದ ಗಳಿಗೆ, ದಣಿದು ನಿಧಾನವಾದ ಕ್ಷಣ ಎಲ್ಲವೂ ಅಲ್ಲಿ ಸಂಗ್ರಹವಾಗುತ್ತವೆ. ಕ್ರೀಡಾಲೋಕ ಈ ಪೊಟ್ಟಣವನ್ನು ಗುರುತಿಸುವುದು ಮೆಲ್ಬರ್ನ್‌ನ ಕ್ಯಾಟಪಲ್ಟ್ ಕಂಪನಿಯ ಹೆಸರಿನಿಂದ. ಆದರೆ ಇದರ ವಂಶಾವಳಿ ಆ ಕಂಪನಿಗಿಂತ ಅರ್ಧ ಶತಮಾನ ಹಳೆಯದು, ಮತ್ತು ಅದು ಶುರುವಾದದ್ದು ಮೆಲ್ಬರ್ನ್‌ನಲ್ಲಲ್ಲ, ಸಿಡ್ನಿಯಲ್ಲಿ.

ಸಿಡ್ನಿ ವಿಶ್ವವಿದ್ಯಾಲಯದ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕ ಫ್ರಾಂಕ್ ಕಾಟನ್ ಸ್ವತಃ ಈಜುಗಾರ. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಯುದ್ಧವಿಮಾನದ ಚಾಲಕರಿಗಾಗಿ ಗಾಳಿ ತುಂಬಿದ ಉಡುಪೊಂದನ್ನು ರೂಪಿಸಿದರು. ವಿಮಾನ ರಭಸದಿಂದ ತಿರುವು ತೆಗೆದುಕೊಂಡಾಗ ರಕ್ತ ಕಾಲಿಗಿಳಿದು ಚಾಲಕ ಪ್ರಜ್ಞೆ ತಪ್ಪುವುದನ್ನು ಅದು ತಡೆಯುತ್ತಿತ್ತು. (ಗುರುತ್ವಬಲದ ಇದೇ ಸಮಸ್ಯೆಗೆ ಭಾರತೀಯ ವಾಯುಪಡೆಯ ಚಾಲಕರನ್ನು ಇಂದು ಸಜ್ಜುಗೊಳಿಸುವ ಮಾನವ ಸೆಂಟ್ರಿಫ್ಯೂಜ್ ಇರುವುದು ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ.) ಯುದ್ಧ ಮುಗಿದ ಮೇಲೆ ಕಾಟನ್ ಅದೇ ಕುತೂಹಲವನ್ನು ಕ್ರೀಡೆಗೆ ತಂದರು. ದೇಹ ಎಷ್ಟು ಕೆಲಸ ಮಾಡಬಲ್ಲದು ಎಂದು ಅಳೆಯುವ ಎರ್ಗೋಮೀಟರ್ ಬಳಸಿ, ಯಾರಲ್ಲಿ ಒಳ್ಳೆಯ ಈಜುಗಾರನೋ ರೋಯಿಂಗ್ ಪಟುವೋ ಅಡಗಿದ್ದಾನೆಂದು ಹುಡುಕಿದರು.

ಅವರ ಶಿಷ್ಯ ಮತ್ತು ಸಹೋದ್ಯೋಗಿ ಫೋರ್ಬ್ಸ್ ಕಾರ್ಲೈಲ್. ಈ ಚರಿತ್ರೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗವಿದು. ಕಾರ್ಲೈಲ್ ಒಂದೇ ದೇಹದಲ್ಲಿ ಮೂರು ಪಾತ್ರ ವಹಿಸಿದವರು: ಶರೀರಶಾಸ್ತ್ರ ಕಲಿಸುವ ಅಧ್ಯಾಪಕ, ಈಜು ಕೋಚ್, ಸ್ವತಃ ಕ್ರೀಡಾಪಟು. 1948ರ ಲಂಡನ್ ಒಲಿಂಪಿಕ್ಸ್‌ಗೆ ಕೋಚ್ ಆಗಿ ಹೋದವರು 1952ರ ಹೆಲ್ಸಿಂಕಿಯಲ್ಲಿ ಆಧುನಿಕ ಪೆಂಟಾಥ್ಲಾನ್ ಸ್ಪರ್ಧಿಯಾಗಿ ಕಣಕ್ಕಿಳಿದರು. ಈಜುಕೊಳದ ದಂಡೆಯಲ್ಲಿ ಸೆಕೆಂಡಿನ ದೊಡ್ಡ ಮುಳ್ಳಿರುವ ಗಡಿಯಾರ ನಿಲ್ಲಿಸಿ, ನೀರಿನಲ್ಲಿದ್ದವರು ತಲೆಯೆತ್ತಿ ತಮ್ಮ ಕಾಲವನ್ನು ತಾವೇ ಓದಿಕೊಳ್ಳುವ ಏರ್ಪಾಡಿಗೆ ಮೊದಲಿಗರೆಂಬ ಹೆಸರು ಅವರದು. ಪ್ರತಿಯೊಬ್ಬರೂ ದಿನಚರಿ ಪುಸ್ತಕ ಬರೆಯಬೇಕಿತ್ತು, ಶ್ರಮದ ನಂತರ ನಾಡಿಬಡಿತ ಎಣಿಸಬೇಕಿತ್ತು. ಸ್ಪರ್ಧೆ ಹತ್ತಿರ ಬಂದಂತೆ ಅಭ್ಯಾಸವನ್ನು ಇಳಿಸುತ್ತ ಹೋಗುವ ಪದ್ಧತಿಯೂ ಕಾಟನ್-ಕಾರ್ಲೈಲ್ ಜೋಡಿಯ ಪ್ರಯೋಗಗಳಿಂದಲೇ ಬೆಳೆದದ್ದು. ಈಜುವ ಮೊದಲು 8 ನಿಮಿಷ ಬಿಸಿನೀರಿನ ಸ್ನಾನ ಮಾಡಿದರೆ ವೇಗ ಹೆಚ್ಚುತ್ತದೆಯೇ ಎಂದು ಪರೀಕ್ಷಿಸಿ, ಸ್ವಲ್ಪ ಹೆಚ್ಚುತ್ತದೆ ಎಂದು 1956ರಲ್ಲಿ ಕಾರ್ಲೈಲ್ ಪ್ರಕಟಿಸಿದರು.

ಈ ಉಪಕರಣಗಳಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಆದರೂ ಸಿಡ್ನಿಯ ರೈಡ್ ಬಡಾವಣೆಯಲ್ಲಿ ಫೋರ್ಬ್ಸ್ ಮತ್ತು ಅವರ ಪತ್ನಿ ಅರ್ಸುಲಾ ತರಬೇತಿ ಕೊಟ್ಟ ಶೇನ್ ಗೌಲ್ಡ್ ಎಂಬ ಹುಡುಗಿ, 1972ರ ಆರಂಭದ ಹೊತ್ತಿಗೆ 100 ಮೀಟರ್‌ನಿಂದ 1500 ಮೀಟರ್‌ವರೆಗಿನ ಎಲ್ಲ ಮಹಿಳಾ ಫ್ರೀಸ್ಟೈಲ್ ವಿಶ್ವದಾಖಲೆಗಳನ್ನೂ ಏಕಕಾಲಕ್ಕೆ ತನ್ನದಾಗಿಸಿಕೊಂಡಿದ್ದಳು. ಆಗ ಅವಳ ವಯಸ್ಸು 15. ಅಂಕಿ ಎಂಬುದು ಕೋಚ್ ಬಚ್ಚಿಟ್ಟುಕೊಳ್ಳುವ ಗುಟ್ಟಲ್ಲ, ಈಜುವವಳೇ ಓದಿ ಅರಿಯಬೇಕಾದದ್ದು ಎಂಬ ಕಾರ್ಲೈಲರ ನಡೆ ಯಾವ ಸೆನ್ಸರಿಗಿಂತಲೂ ದೊಡ್ಡ ಆವಿಷ್ಕಾರ.

ಯಂತ್ರದ ಮಾತನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಸಿಡ್ನಿಯ ಈಜುಗಾರನೊಬ್ಬನ ಗೆಲುವೇ ನಿದರ್ಶನ. 1960ರ ರೋಮ್ ಒಲಿಂಪಿಕ್ಸ್‌ನ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಜಾನ್ ಡೆವಿಟ್‌ಗೆ ಚಿನ್ನ ಸಿಕ್ಕಿತು. ಅಧಿಕೃತವಲ್ಲದ ವಿದ್ಯುನ್ಮಾನ ಗಡಿಯಾರ ಅಮೆರಿಕದ ಲ್ಯಾನ್ಸ್ ಲಾರ್ಸನ್‌ಗೆ 55.10 ಸೆಕೆಂಡ್, ಡೆವಿಟ್‌ಗೆ 55.16 ತೋರಿಸಿತ್ತು. ತೀರ್ಪುಗಾರರ ಕಣ್ಣುಗಳಲ್ಲೇ ಒಮ್ಮತವಿರಲಿಲ್ಲ, ಕೊನೆಗೆ ಮುಖ್ಯ ತೀರ್ಪುಗಾರರ ಮಾತು ನಿಂತಿತು. ಈ ವಿವಾದದ ಬಿಸಿಯಲ್ಲಿ ಈಜಿಗೆ ಸ್ವಯಂಚಾಲಿತ ಕಾಲಮಾಪನ ಬೇಕೆಂಬ ಒತ್ತಾಯ ಬಲವಾಯಿತು. ಈಜುಗಾರನ ಕೈ ತಗುಲಿದ ಕೂಡಲೇ ಗಡಿಯಾರ ನಿಲ್ಲಿಸುವ ಒಮೆಗಾ ಸ್ಪರ್ಶಫಲಕಗಳು 1967ರ ವಿನಿಪೆಗ್ ಪ್ಯಾನ್-ಅಮೆರಿಕನ್ ಕ್ರೀಡಾಕೂಟದಲ್ಲಿ ಬಂದವು.

ಇತ್ತ ಮೆಲ್ಬರ್ನ್‌ನ ಮೋಟಾರು ಬಿಡಿಭಾಗಗಳ ಕಂಪನಿ ರೆಪ್ಕೊ, ಚಕ್ರದ ಬದಲು ಫ್ಯಾನ್ ತಿರುಗುವ ವ್ಯಾಯಾಮ ಸೈಕಲ್ ತಯಾರಿಸಿತು. 1966ರಲ್ಲಿ ರೇಸ್ ಚಾಲಕ ಜ್ಯಾಕ್ ಬ್ರಾಬಮ್‌ಗೆ ಫಾರ್ಮುಲಾ ಒನ್ ಪ್ರಶಸ್ತಿ ತಂದ ಎಂಜಿನ್ ಕೂಡ ಇದೇ ಕಂಪನಿಯದು. ಫ್ಯಾನಿಗೆ ಗಾಳಿಯ ತಡೆಯಿರುವುದರಿಂದ, ತುಳಿತದ ವೇಗ ಎರಡು ಪಟ್ಟಾದರೆ ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ಎಷ್ಟೇ ಬಲಶಾಲಿಯಾದರೂ ದಣಿಸಬಲ್ಲ ಈ ಸೈಕಲ್ ಆಸ್ಟ್ರೇಲಿಯದ ಪ್ರಯೋಗಾಲಯಗಳಿಗೆ ಒಗ್ಗಿಹೋಯಿತು.

1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಆ ದೇಶಕ್ಕೆ ಆಘಾತ. ಒಂದು ಬೆಳ್ಳಿ, ನಾಲ್ಕು ಕಂಚು, ಚಿನ್ನ ಒಂದೂ ಇಲ್ಲ. ಅದರ ಫಲವಾಗಿ 1981ರಲ್ಲಿ ಕ್ಯಾನ್‌ಬೆರಾದಲ್ಲಿ ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯಿತು. ವಿಜ್ಞಾನಿಯೂ ಕೋಚೂ ಒಂದೇ ಆವರಣದಲ್ಲಿ ಕೆಲಸ ಮಾಡುವ ಸರ್ಕಾರಿ ಸಂಸ್ಥೆ ಅದು. ಸಿಡ್ನಿ 2000ರ ಒಲಿಂಪಿಕ್ಸ್ ಎದುರಿಗಿದ್ದಾಗ, 1999ರಲ್ಲಿ ಈ ಸಂಸ್ಥೆ ಸೂಕ್ಷ್ಮತಂತ್ರಜ್ಞಾನದ ಸಹಕಾರಿ ಸಂಶೋಧನಾ ಕೇಂದ್ರದ ಜೊತೆ ಕೈಜೋಡಿಸಿತು. ಅವರ ಮುಂದಿದ್ದ ಪ್ರಶ್ನೆ ಸರಳ. ಟ್ರೆಡ್‌ಮಿಲ್ ಮೇಲೆ, ಮುಖಕ್ಕೆ ಕೊಳವೆ ಕಟ್ಟಿಕೊಂಡ ಕ್ರೀಡಾಪಟುವಿನ ದೇಹ ಹೇಳುವುದು ಪ್ರಯೋಗಾಲಯದ ಸತ್ಯ. ಹರಿಯುವ ನೀರಿನಲ್ಲಿ, ಎದುರಾಳಿ ಪಕ್ಕದಲ್ಲಿರುವಾಗ ಅದೇ ದೇಹ ಏನು ಮಾಡುತ್ತದೆ?

ಆಕಾಶದಿಂದಲೂ ಆಗಲೇ ನೆರವು ಬಂತು. ಅಮೆರಿಕದ ಸೇನೆ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿಡುತ್ತಿತ್ತು. ತಪ್ಪು 100 ಮೀಟರ್‌ವರೆಗೂ ಹೋಗಬಹುದಿತ್ತು. 2000ರ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ ಆದೇಶದಂತೆ ಅದು ನಿಂತಿತು. ಮೈದಾನದ ಉದ್ದಕ್ಕೆ ಹತ್ತಿರವಿದ್ದ ತಪ್ಪು ಕೆಲವೇ ಮೀಟರುಗಳಿಗೆ ಇಳಿದ ಮೇಲೆಯೇ ಓಡುವ ಮನುಷ್ಯನ ಬೆನ್ನಿಗೆ ಜಿಪಿಎಸ್ ಕಟ್ಟುವುದರಲ್ಲಿ ಅರ್ಥ ಬಂದದ್ದು. ಕ್ಯಾನ್‌ಬೆರಾದ ಜಿಪಿಸ್ಪೋರ್ಟ್ಸ್ ಕ್ರೀಡಾಪಟುಗಳಿಗೆಂದೇ ಉಪಕರಣ ತಂದಿತು. ಸಂಶೋಧನಾ ಕೇಂದ್ರದ ಕೆಲಸದಲ್ಲಿದ್ದ ಎಂಜಿನಿಯರುಗಳಾದ ಶಾನ್ ಹೋಲ್ಟ್‌ಹೌಸ್ ಮತ್ತು ಈಗೋರ್ ವಾನ್ ಡೆ ಗ್ರೀಂಟ್ 2006ರಲ್ಲಿ ಮೆಲ್ಬರ್ನ್‌ನಲ್ಲಿ ಕ್ಯಾಟಪಲ್ಟ್ ಕಟ್ಟಿದರು. 2014ರಲ್ಲಿ ಕ್ಯಾಟಪಲ್ಟ್ ಜಿಪಿಸ್ಪೋರ್ಟ್ಸನ್ನು ಕೊಂಡು, ಅದೇ ವರ್ಷ ಷೇರುಪೇಟೆಗೂ ಬಂತು.

ಮೆಲ್ಬರ್ನ್ ಇದಕ್ಕೆ ಹೇಳಿಮಾಡಿಸಿದ ಊರು. ಅಲ್ಲಿನ ಫುಟ್ಬಾಲ್ ಅಂಡಾಕಾರದ ವಿಶಾಲ ಮೈದಾನದಲ್ಲಿ ನಡೆಯುತ್ತದೆ, ಮಧ್ಯಮೈದಾನದ ಆಟಗಾರ ಒಂದು ಪಂದ್ಯದಲ್ಲಿ 12 ಕಿ.ಮೀ.ಗೂ ಮಿಕ್ಕಿ ಓಡಬಲ್ಲ. ಜೊತೆಗೆ ಗುದ್ದಾಟ, ಜಿಗಿತ, ಬೀಳುವುದು ಬೇರೆ. ಇದನ್ನು ಬರೀ ದೂರದಿಂದ ಅಳೆಯಲಾಗದು. ಅದಕ್ಕಾಗಿ ಮೂರೂ ದಿಕ್ಕುಗಳ ವೇಗೋತ್ಕರ್ಷದ ಬದಲಾವಣೆಯನ್ನು ಕೂಡಿಸಿ 'ಪ್ಲೇಯರ್ ಲೋಡ್' ಎಂಬ ಒಂದೇ ಅಂಕಿ ತೆಗೆಯುವ ವಿಧಾನ ಬಂತು. ಅದರ ಹಿಂದಿನ ಸಂವೇದಕ ಎಷ್ಟು ನಂಬಲರ್ಹ ಎಂಬ ಅಧ್ಯಯನವನ್ನು ಲ್ಯೂಕ್ ಬಾಯ್ಡ್, ಕೆವಿನ್ ಬಾಲ್ ಮತ್ತು ರಾಬ್ ಆಘೀ 2011ರಲ್ಲಿ ಪ್ರಕಟಿಸಿದರು. ಡಾಕ್‌ಲ್ಯಾಂಡ್ಸ್ ಕ್ರೀಡಾಂಗಣದ ಚಾವಣಿ ಮುಚ್ಚಿದರೆ ಉಪಗ್ರಹದ ಸಂಕೇತ ಕೈಕೊಡುತ್ತಿತ್ತು. ಆ ಕೊರತೆಗೆ ಪರಿಹಾರ ಸಿಕ್ಕಿದ್ದು ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒದಿಂದ: ಮೈದಾನದ ಸುತ್ತ ನಿಲ್ಲಿಸಿದ ರೇಡಿಯೋ ಕೇಂದ್ರಗಳೇ ಆಟಗಾರನ ಜಾಗ ಹೇಳುವ ತಂತ್ರ. ಕ್ಯಾಟಪಲ್ಟ್ ಅದನ್ನು 'ಕ್ಲಿಯರ್‌ಸ್ಕೈ' ಎಂಬ ಹೆಸರಲ್ಲಿ ಮಾರಿತು.

ಕ್ರಿಕೆಟ್ ಪ್ರೀತಿಸುವ ಕನ್ನಡಿಗರಿಗೆ ಹೆಚ್ಚು ಹತ್ತಿರವಾದದ್ದು ವೇಗದ ಬೌಲರುಗಳ ಕತೆ. ಬೌಲರ್ ಅಭ್ಯಾಸದಲ್ಲಿ ಎಷ್ಟು ಎಸೆತ ಹಾಕಿದನೆಂಬುದು ಅವನ ಬೆನ್ನುಮೂಳೆಯ ಆರೋಗ್ಯಕ್ಕೆ ಬಹುಮುಖ್ಯ, ಆದರೆ ನೆಟ್ಸಿನಲ್ಲಿ ಎಣಿಸುತ್ತ ಕೂರುವವರು ಯಾರು? ಬೆನ್ನಿನ ಸೆನ್ಸರೇ ಎಸೆತವನ್ನು ಗುರುತಿಸಿ ಎಣಿಸಬಲ್ಲದೇ ಎಂದು ಡೀನ್ ಮೆಕ್‌ನಮಾರ, ಟಿಮ್ ಗ್ಯಾಬೆಟ್ ಮತ್ತು ಸಂಗಡಿಗರು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ನಿಜವಾದ ಎಸೆತವನ್ನು ಹಿಡಿಯುವುದರಲ್ಲಿ ಅದು ಅಭ್ಯಾಸದಲ್ಲೂ ಪಂದ್ಯದಲ್ಲೂ ಶೇ. 99ರಷ್ಟು ನಿಖರ. ಎಸೆತವಲ್ಲದ್ದನ್ನು ಅಲ್ಲವೆಂದು ಬಿಡುವುದರಲ್ಲಿ ಮಾತ್ರ ಅಭ್ಯಾಸದ ಶೇ. 98, ಪಂದ್ಯದಲ್ಲಿ ಶೇ. 74ಕ್ಕೆ ಕುಸಿಯಿತು. ಪಂದ್ಯವೆಂದರೆ ಬರೀ ಬೌಲಿಂಗ್ ಅಲ್ಲವಲ್ಲ. ಒಂದೇ ಉಪಕರಣ, ಅದೇ ಬೆನ್ನು, ಸಂದರ್ಭ ಬದಲಾದಂತೆ ಅಂಕಿಯ ಮೇಲಿನ ನಂಬಿಕೆಯೂ ಬದಲಾಗಬೇಕು. ಪರದೆಯ ಮೇಲಿನ ನಕ್ಷೆಗಳನ್ನು ಕಂಡು ಮರುಳಾಗುವ ಆಡಳಿತಗಾರರು ಈ ಅಧ್ಯಯನವನ್ನು ಓದಬೇಕು.

2015ರಲ್ಲಿ ಫಿಫಾ ಪಂದ್ಯದೊಳಗೂ ಇಂಥ ಉಪಕರಣ ಧರಿಸಲು ಅವಕಾಶ ಕೊಟ್ಟ ಮೇಲೆ ಈ ಪೊಟ್ಟಣ ಲೋಕಸಂಚಾರ ಹೊರಟಿತು. ಭಾರತದ ಹಾಕಿಗೆ ಅದಕ್ಕೂ ಮೊದಲೇ ಆಸ್ಟ್ರೇಲಿಯದ ಗಾಳಿ ಬೀಸಿತ್ತು. 2011ರಲ್ಲಿ ಮೈಕಲ್ ನಾಬ್ಸ್ ಕೋಚ್ ಆಗಿ ಬಂದಾಗ ಅವರ ಜೊತೆ ಕ್ರೀಡಾವಿಜ್ಞಾನಿ ಡೇವಿಡ್ ಜಾನ್ ಕೂಡ ಬಂದರು. ರಾಷ್ಟ್ರೀಯ ಹಾಕಿ ಶಿಬಿರಗಳು ನಡೆಯುವ, ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಬೆಂಗಳೂರು ಕೇಂದ್ರದಲ್ಲಿ ಈಗ ಪೊಟ್ಟಣವನ್ನು ಹಿಡಿದಿಡುವ ಜಿಪಿಎಸ್ ಬನಿಯನ್ ಹೊಸದಲ್ಲ. ಬಳ್ಳಾರಿ ಸೀಮೆಯ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲೂ ವಿಜ್ಞಾನಿ ಮತ್ತು ಕೋಚ್ ಒಂದೇ ಆವರಣದಲ್ಲಿದ್ದಾರೆ.

ಹೀಗೆ ಉಪಕರಣ ಹರಡಿತು, ಕಾರ್ಲೈಲರ ನಡೆ ಹರಡಿತೇ? ಆಸ್ಟ್ರೇಲಿಯದ ವಿಜ್ಞಾನ ಅಕಾಡೆಮಿ 2022ರಲ್ಲಿ ವೃತ್ತಿಪರ ಕ್ರೀಡೆಯ ದತ್ತಾಂಶದ ಬಗ್ಗೆ ಚರ್ಚಾಪತ್ರವೊಂದನ್ನು ಹೊರತಂದಿತು. ಅದನ್ನು ರೂಪಿಸಿದವರಲ್ಲಿ ಪಶ್ಚಿಮ ಆಸ್ಟ್ರೇಲಿಯ ವಿಶ್ವವಿದ್ಯಾಲಯದ ಜೂಲಿಯಾ ಪೌಲ್ಸ್, ಸಿಡ್ನಿಯ ಟೋಬಿ ವಾಲ್ಶ್ ಇದ್ದರು. ಮೈಯಿಂದ ಸಂಗ್ರಹಿಸುವ ಮಾಹಿತಿಯ ರಾಶಿ, ಅದರ ಉಪಯೋಗದ ಬಗ್ಗೆ ವಿಜ್ಞಾನಕ್ಕೆ ಗೊತ್ತಿರುವುದನ್ನೂ ಆಟಗಾರರ ಹಕ್ಕುಗಳನ್ನೂ ಮೀರಿ ಬೆಳೆದಿದೆ ಎಂಬುದು ಅದರ ಆತಂಕ. ಕೊಳದ ದಂಡೆಯ ಗಡಿಯಾರವನ್ನು ಈಜುವ ಹುಡುಗಿ ತಾನೇ ಓದುತ್ತಿದ್ದಳು. ಬೆನ್ನಿನ ಪೊಟ್ಟಣದ ಅಂಕಿ ಮೊದಲು ತಲುಪುವುದು ತಜ್ಞರ ಕಂಪ್ಯೂಟರಿಗೆ. ಮುಂದಿನ ಒಪ್ಪಂದದ ಮಾತುಕತೆಯಲ್ಲಿ ಅದೇ ಅಂಕಿ ಆಟಗಾರನ ವಿರುದ್ಧ ಮೇಜಿನ ಮೇಲೆ ಬರಬಹುದು.

ಕೊಡಗಿನಿಂದಲೋ ಹುಬ್ಬಳ್ಳಿಯಿಂದಲೋ ಶಿಬಿರಕ್ಕೆ ಆಯ್ಕೆಯಾಗುವ ಹದಿನಾರರ ಆಟಗಾರ್ತಿಗೆ ಈ ಪ್ರಶ್ನೆ ದೂರದ್ದಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಪಡೆಯುವ ಅವಕಾಶವಿರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಯಾವ ಅಂಕಿ ತೆಗೆಯುತ್ತಾರೆ, ಯಾಕೆ, ಯಾರು ನೋಡುತ್ತಾರೆ, ಶಿಬಿರ ಬಿಟ್ಟ ಮೇಲೆ ಅದು ಏನಾಗುತ್ತದೆ ಎಂದು ತಿಳಿಸುವ ಕನ್ನಡದ ಹಾಳೆಯೊಂದನ್ನು ಬನಿಯನ್ ಕೊಡುವ ದಿನವೇ ಅವಳ ತಾಯ್ತಂದೆಯರ ಕೈಗೂ ಕೊಡುವ ಕೆಲಸವನ್ನು ರಾಜ್ಯದ ಕ್ರೀಡಾ ಇಲಾಖೆ ತನ್ನ ಕ್ರೀಡಾ ವಸತಿನಿಲಯಗಳಿಂದಲೇ ಆರಂಭಿಸಬಹುದು.