ರಾಘವೇಂದ್ರ ಗದಗ್‌ಕರ್

ರಾಘವೇಂದ್ರ ಗದಗ್‌ಕರ್ (ಜನನ: ಜೂನ್ 28, 1953) ಭಾರತದ ಜೀವವಿಜ್ಞಾನಿ ಹಾಗೂ ಪ್ರಾಣಿವರ್ತನೆಯ ಸಂಶೋಧಕರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದರು. ಅಣುಜೀವವಿಜ್ಞಾನದಲ್ಲಿ ತರಬೇತಿ ಪಡೆದರೂ ಮುಂದೆ ಕೀಟಗಳ ಸಾಮಾಜಿಕ ಜೀವನವನ್ನೇ ತಮ್ಮ ಕ್ಷೇತ್ರವಾಗಿ ಆರಿಸಿಕೊಂಡ ಅವರು, ರೋಪಲಿಡಿಯಾ ಮಾರ್ಜಿನೇಟಾ ಎಂಬ ಕಣಜದ ಕುರಿತ ಅಧ್ಯಯನಗಳಿಂದ ಪ್ರಸಿದ್ಧರಾಗಿದ್ದಾರೆ.

ಜನನ ಮತ್ತು ಶಿಕ್ಷಣ

ಗದಗ್‌ಕರ್ ಜನಿಸಿದ್ದು ಉತ್ತರ ಪ್ರದೇಶದ ಕಾನ್ಪುರದಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಬಿ.ಎಸ್ಸಿ. (ಆನರ್ಸ್) ಮತ್ತು ಎಂ.ಎಸ್ಸಿ. ಪದವಿಗಳನ್ನು ಪಡೆದರು. ವಿದ್ಯಾರ್ಥಿದೆಸೆಯಲ್ಲಿ ಓದಿದ ಜೇಮ್ಸ್ ವಾಟ್ಸನ್ ಮತ್ತು ಕೊನ್ರಾಡ್ ಲೊರೆನ್ಜ್ ಅವರ ಪುಸ್ತಕಗಳು ಅಣುಜೀವವಿಜ್ಞಾನ, ಪ್ರಾಣಿವರ್ತನೆ ಎರಡರಲ್ಲೂ ಅವರ ಆಸಕ್ತಿಯನ್ನು ಬೆಳೆಸಿದವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬ್ಯಾಕ್ಟೀರಿಯಾಗಳನ್ನು ಆಕ್ರಮಿಸುವ ವೈರಸ್ಸೊಂದನ್ನು ಕುರಿತು ಸಂಶೋಧನೆ ನಡೆಸಿ 1979ರಲ್ಲಿ ಪಿಎಚ್.ಡಿ. ಪಡೆದರು. ಆ ವರ್ಷಗಳಲ್ಲಿ ಹವ್ಯಾಸವಾಗಿದ್ದ ಕಣಜಗಳ ವೀಕ್ಷಣೆಯೇ ನಂತರ ಅವರ ವೃತ್ತಿಯಾಯಿತು.

ಸಂಶೋಧನೆಯ ಹಿನ್ನೆಲೆ

ರೋಪಲಿಡಿಯಾ ಮಾರ್ಜಿನೇಟಾ ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿ ಕಾಣಸಿಗುವ ಕಣಜ. ಸಸ್ಯದ ನಾರನ್ನು ಅಗಿದು ತಯಾರಿಸಿದ ಕಾಗದದಂತಹ ವಸ್ತುವಿನಿಂದ ಕಿಟಕಿ, ಸೂರು, ಪೊದೆ ಮೊದಲಾದೆಡೆ ಗೂಡು ಕಟ್ಟುತ್ತದೆ. ಒಂದು ಗೂಡಿನಲ್ಲಿ ಹಲವು ಹೆಣ್ಣು ಕಣಜಗಳಿದ್ದರೂ ಒಂದು ಕಾಲಕ್ಕೆ ರಾಣಿಯೊಂದೇ ಮೊಟ್ಟೆಯಿಡುತ್ತದೆ. ಉಳಿದವು ಕೆಲಸಗಾರರಾಗಿ ಗೂಡು ಕಟ್ಟುವ, ಆಹಾರ ತರುವ ಮತ್ತು ರಾಣಿಯ ಮರಿಗಳನ್ನು ಸಾಕುವ ಕಾರ್ಯಗಳನ್ನು ನಿರ್ವಹಿಸುತ್ತವೆ. ರಾಣಿಗೂ ಕೆಲಸಗಾರರಿಗೂ ದೇಹರಚನೆಯಲ್ಲಿ ಎದ್ದುಕಾಣುವ ವ್ಯತ್ಯಾಸವಿಲ್ಲ.

ಸ್ವಂತ ಸಂತತಿಯನ್ನು ತೊರೆದು ಇನ್ನೊಬ್ಬರ ಸಂತತಿಯನ್ನು ಸಾಕುವ ಗುಣವು ನೈಸರ್ಗಿಕ ಆಯ್ಕೆಯಲ್ಲಿ ಹೇಗೆ ಉಳಿಯಿತು ಎಂಬುದು ವಿಕಾಸವಾದದ ಕಠಿಣ ಪ್ರಶ್ನೆಗಳಲ್ಲೊಂದು. 1964ರಲ್ಲಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಇದಕ್ಕೆ ರಕ್ತಸಂಬಂಧದ ಆಧಾರದ ಮೇಲೆ ವಿವರಣೆ ನೀಡಿದರು. ಇರುವೆ, ಜೇನುನೊಣ ಮತ್ತು ಕಣಜಗಳಲ್ಲಿ ಫಲಿತವಾಗದ ಮೊಟ್ಟೆಯಿಂದ ಗಂಡು, ಫಲಿತ ಮೊಟ್ಟೆಯಿಂದ ಹೆಣ್ಣು ಹುಟ್ಟುತ್ತದೆ. ಆದ್ದರಿಂದ ಒಂದೇ ತಂದೆತಾಯಿಯ ಸೋದರಿಯರ ನಡುವಿನ ಆನುವಂಶಿಕ ಸಂಬಂಧ 0.75 ಆಗಿದ್ದರೆ, ತಾಯಿ ಮತ್ತು ಮಗಳ ನಡುವಿನದು 0.5 ಮಾತ್ರ. ಅಂದರೆ ಮಗಳನ್ನು ಸಾಕುವುದಕ್ಕಿಂತ ಸೋದರಿಯನ್ನು ಸಾಕುವುದು ಲಾಭಕರವಾಗಬಹುದು.

ಪ್ರಮುಖ ಫಲಿತಾಂಶಗಳು

ಈ ಕಣಜದ ರಾಣಿಯು ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡುತ್ತದೆ. ಗೂಡಿನಲ್ಲಿ ಕಾಲಕಾಲಕ್ಕೆ ರಾಣಿಯರೂ ಬದಲಾಗುತ್ತಾರೆ. ಹೀಗಾಗಿ ಕೆಲಸಗಾರರಿಗೂ ಅವು ಸಾಕುವ ಮರಿಗಳಿಗೂ ಇರುವ ಸಂಬಂಧವು 0.75ಕ್ಕಿಂತ ಬಹಳ ಕಡಿಮೆ ಎಂದು ಗದಗ್‌ಕರ್ ಮತ್ತು ಸಂಗಡಿಗರು ತೋರಿಸಿದರು. ಕೇವಲ ಸಂಬಂಧದ ಪ್ರಮಾಣದಿಂದ ತ್ಯಾಗವನ್ನು ವಿವರಿಸಲಾಗದು ಎಂಬುದು ಇದರ ತಾತ್ಪರ್ಯ.

1990ರಲ್ಲಿ ಅವರು ಇನ್ನೊಂದು ಕಾರಣವನ್ನು ಮುಂದಿಟ್ಟರು. ಒಂಟಿಯಾಗಿ ಗೂಡು ಕಟ್ಟಿದ ಹೆಣ್ಣು ಮರಿಗಳು ಬೆಳೆಯುವ ಮೊದಲೇ ಸತ್ತರೆ ಅದರ ಶ್ರಮವೆಲ್ಲ ವ್ಯರ್ಥ. ಗುಂಪಿನಲ್ಲಿರುವ ಕೆಲಸಗಾರ ಸತ್ತರೆ ಅರ್ಧ ಬೆಳೆದ ಮರಿಗಳನ್ನು ಉಳಿದವು ಸಾಕುವುದರಿಂದ ಅದರ ಶ್ರಮಕ್ಕೆ ಫಲ ಖಚಿತ. ಇಂತಹ ಹಲವು ಅಂಶಗಳನ್ನು ಸೇರಿಸಿದ ಗಣಿತೀಯ ಮಾದರಿಯು, ಸುಮಾರು ಶೇ. 5ರಷ್ಟು ಹೆಣ್ಣುಗಳು ಮಾತ್ರ ಒಂಟಿ ಗೂಡನ್ನು ಆರಿಸಿಕೊಳ್ಳಬೇಕೆಂದು ಸೂಚಿಸಿತು. ನಿಸರ್ಗದಲ್ಲಿನ ವೀಕ್ಷಣೆಗಳು ಇದಕ್ಕೆ ಹೊಂದಿಕೆಯಾದವು.

1983ರಲ್ಲಿ ಎನ್. ವಿ. ಜೋಶಿಯವರೊಡನೆ ಪ್ರಕಟಿಸಿದ ಅಧ್ಯಯನದಲ್ಲಿ, ಕಣಜಗಳು ಕಾಲ ಕಳೆಯುವ ರೀತಿಯನ್ನು ಆಧರಿಸಿ ಅವುಗಳನ್ನು ಕೂರುವವು, ಕಾದಾಡುವವು ಮತ್ತು ಆಹಾರ ತರುವವು ಎಂದು ವಿಂಗಡಿಸಿದರು. ರಾಣಿಯು ಕಾದಾಡುವ ಗುಂಪಿಗೆ ಸೇರದೆ ಕೂರುವ ಗುಂಪಿಗೆ ಸೇರಿತ್ತು. ಈ ಶಾಂತಸ್ವಭಾವದ ರಾಣಿಯು ಬಲದಿಂದಲ್ಲ, ಫೆರೊಮೋನ್ ಎಂಬ ರಾಸಾಯನಿಕ ಸಂಕೇತದಿಂದ ತನ್ನ ಇರವನ್ನು ತಿಳಿಸುತ್ತದೆಂದು ಮುಂದಿನ ಪ್ರಯೋಗಗಳು ಸೂಚಿಸಿದವು.

ರಾಣಿಯನ್ನು ಗೂಡಿನಿಂದ ತೆಗೆದರೆ ಕೆಲವೇ ನಿಮಿಷಗಳಲ್ಲಿ ಒಂದು ಕೆಲಸಗಾರ ತೀವ್ರ ಆಕ್ರಮಣಶೀಲವಾಗುತ್ತದೆ. ರಾಣಿ ಮರಳದಿದ್ದರೆ ಸುಮಾರು ಒಂದು ವಾರದಲ್ಲಿ ಅದೇ ಮೊಟ್ಟೆಯಿಡತೊಡಗುತ್ತದೆ. ಈ ಉತ್ತರಾಧಿಕಾರಿ ಯಾರೆಂದು ಸಂಶೋಧಕರು ಮೊದಲೇ ಗುರುತಿಸಲಾರರು. ಆದರೆ ಕಣಜಗಳಿಗೆ ಅದು ತಿಳಿದಿರುವಂತೆ ತೋರುತ್ತದೆ. ಹೊಸ ರಾಣಿಯಾಗಲಿರುವುದನ್ನು ಉಳಿದವು ಪ್ರತಿಭಟಿಸುವುದಿಲ್ಲ. ತಂತಿಬಲೆಯಿಂದ ಗೂಡನ್ನು ಎರಡು ಭಾಗ ಮಾಡಿ ನಡೆಸಿದ ಈ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು.

ಸಂಸ್ಥೆಗಳು ಮತ್ತು ವಿಜ್ಞಾನ ಪ್ರಸಾರ

ವಿಜ್ಞಾನ ಮತ್ತು ಮಾನವಿಕಗಳನ್ನು ಹತ್ತಿರ ತರುವ ಉದ್ದೇಶದಿಂದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2004ರಲ್ಲಿ ಆರಂಭವಾದ ಸಮಕಾಲೀನ ಅಧ್ಯಯನ ಕೇಂದ್ರಕ್ಕೆ ಗದಗ್‌ಕರ್ ಸ್ಥಾಪಕ ಅಧ್ಯಕ್ಷರಾಗಿದ್ದರು. 2014ರಿಂದ 2016ರವರೆಗೆ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ದುಬಾರಿ ಉಪಕರಣಗಳಿಲ್ಲದೆಯೂ ಉನ್ನತ ಮಟ್ಟದ ಸಂಶೋಧನೆ ಸಾಧ್ಯವೆಂಬುದು ಅವರ ನಿಲುವು. ಗುರುತಿಗಾಗಿ ಕಣಜಗಳ ಮೈಮೇಲೆ ಬಣ್ಣದ ಚುಕ್ಕೆಗಳನ್ನಿಟ್ಟು, ಗಂಟೆಗಟ್ಟಲೆ ಅವುಗಳನ್ನು ವೀಕ್ಷಿಸಿ ದಾಖಲಿಸುವುದು ಅವರ ತಂಡದ ಮುಖ್ಯ ವಿಧಾನವಾಗಿತ್ತು.

ಕೃತಿಗಳು

- ಸರ್ವೈವಲ್ ಸ್ಟ್ರಾಟಜೀಸ್ (1997)
- ದಿ ಸೋಶಿಯಲ್ ಬಯಾಲಜಿ ಆಫ್ ರೋಪಲಿಡಿಯಾ ಮಾರ್ಜಿನೇಟಾ (2001)
- ಎಕ್ಸ್‌ಪೆರಿಮೆಂಟ್ಸ್ ಇನ್ ಅನಿಮಲ್ ಬಿಹೇವಿಯರ್ (2021)

ಪ್ರಶಸ್ತಿ ಮತ್ತು ಗೌರವಗಳು

- ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ (1993)
- ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವಿದೇಶಿ ಸದಸ್ಯತ್ವ (2006)
- ಜರ್ಮನಿಯ ಆರ್ಡರ್ ಆಫ್ ಮೆರಿಟ್ ಗೌರವ (2015)