ನೀಲಿ ಪರದೆಯ ಲಿಪಿಕಾರರು

ಗಾಯಕರ ಚರಿತ್ರೆಯನ್ನು ಬರೆಯುವವರು ಹಲವರು. ಅವರನ್ನು ಮೆಚ್ಚಿದವರ ಚರಿತ್ರೆಯನ್ನು ಬರೆಯುವವರು ವಿರಳ. ದಕ್ಷಿಣ ಕೊರಿಯದ ಬಿ.ಟಿ.ಎಸ್. ಎಂಬ ಏಳು ತರುಣರ ತಂಡದ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಅವರ ಅಭಿಮಾನಿಗಳೆಂದರೆ ರಂಗಮಂಟಪದ ಮುಂದೆ ಕಿರಿಚುತ್ತ, ಕಣ್ಣೀರು ಸುರಿಸುತ್ತ ನಿಂತ ಹುಡುಗಿಯರ ಗುಂಪೆಂಬ ಚಿತ್ರವೇ ಲೋಕದ ಕಣ್ಣಿಗೆ ಕಟ್ಟಿರುವುದರಿಂದ, ಅದೇ ಹುಡುಗಿಯರು ಮನೆಗೆ ಹಿಂದಿರುಗಿ ನಿದ್ದೆಗೆಟ್ಟು ಬರೆದರು, ತಿದ್ದಿದರು, ಭಾಷಾಂತರಿಸಿದರು, ಲೆಕ್ಕವಿಟ್ಟರು ಎಂಬ ಸಂಗತಿ ಮರೆಯಲ್ಲಿಯೇ ಉಳಿದಿದೆ.

ಈ ಲೇಖನವೃತ್ತಿಯ ಮೂಲವನ್ನು ಅರಸುತ್ತ ಹೋದರೆ ಬಿ.ಟಿ.ಎಸ್.ಗಿಂತ ಹದಿನೇಳು ವರ್ಷ ಹಿಂದಕ್ಕೆ, ಎಚ್.ಓ.ಟಿ. ಎಂಬ ಐವರ ತಂಡ ಮೊದಲು ಕಾಣಿಸಿಕೊಂಡ 1996ನೆಯ ಇಸವಿಗೆ ಹೋಗಿ ನಿಲ್ಲುತ್ತೇವೆ. ಇಂದಿನ ಅಂತರ್ಜಾಲ ಆಗಿನ್ನೂ ಮನೆಮನೆಗೆ ಬಂದಿರಲಿಲ್ಲ. ಟೆಲಿಫೋನ್ ತಂತಿಯ ಮೂಲಕ ಕಂಪ್ಯೂಟರುಗಳನ್ನು ಜೋಡಿಸುವ ಹೈಟೆಲ್, ಚೊಲ್ಲಿಯಾನ್, ನೌನುರಿ ಎಂಬ ಸೇವೆಗಳಿದ್ದವು. ಚೊಲ್ಲಿಯಾನ್ ಎಂದರೆ ಸಾವಿರ ‘ಲಿ’ ದೂರ ಕಾಣುವ ಕಣ್ಣು. ನಮ್ಮವರಾಗಿದ್ದರೆ ದಿವ್ಯದೃಷ್ಟಿಯೆಂದು ಹೆಸರಿಡುತ್ತಿದ್ದರೇನೋ. ನೀಲಿ ಪರದೆಯ ಮೇಲೆ ಬಿಳಿಯ ಅಕ್ಷರಗಳಷ್ಟೇ; ಚಿತ್ರವಿಲ್ಲ, ನಾದವಿಲ್ಲ. ಮಗಳು ಅದರ ಮುಂದೆ ಕುಳಿತಿರುವಷ್ಟು ಹೊತ್ತೂ ಮನೆಯ ಟೆಲಿಫೋನು ಮೂಕವಾಗುತ್ತಿದ್ದುದರಿಂದ, ತಂದೆತಾಯಿಗಳ ಕೋಪಕ್ಕೆ ಸಂಗೀತಕ್ಕಿಂತ ಅದೇ ಹೆಚ್ಚಿನ ಕಾರಣವಾಗಿದ್ದಿರಬೇಕು. ಆ ಪರದೆಯ ಮೇಲೆಯೇ ಹುಡುಗಿಯರು ತಮ್ಮ ಗಾಯಕರನ್ನು ನಾಯಕರನ್ನಾಗಿಸಿ ಕಥೆಗಳನ್ನು ಕಂತು ಕಂತಾಗಿ ಬರೆದರು. ಸಭೆಗಳಲ್ಲಿ ಎಚ್.ಓ.ಟಿ.ಯ ಅಭಿಮಾನಿಗಳು ಬಿಳಿಯ ಬಲೂನು, ಪ್ರತಿಸ್ಪರ್ಧಿ ತಂಡವಾದ ಸೆಕ್ಸ್‌ಕೀಸ್‌ನ ಅಭಿಮಾನಿಗಳು ಹಳದಿಯ ಬಲೂನು ಹಿಡಿದರು. ಹಿರಿಯರು ಇವರೆಲ್ಲರಿಗೂ ‘ಪ್ಪಾಸುನಿ’ ಎಂಬ ಒಂದೇ ತಿರಸ್ಕಾರದ ಹೆಸರನ್ನಿಟ್ಟು ಕೈತೊಳೆದುಕೊಂಡರು.

1999ರಲ್ಲಿ ದೌಮ್ ಎಂಬ ಕಂಪನಿ ‘ಕೆಫೆ’ಯೆಂಬ ಜಾಲಕೂಟಗಳನ್ನು ತೆರೆದ ಬಳಿಕ ಈ ಮಂದಿಗೆ ಸ್ಥಿರವಾದ ನೆಲೆ ಒದಗಿತು. 2003ರ ಕೊನೆಗೆ ಬಂದ ಟಿ.ವಿ.ಎಕ್ಸ್.ಕ್ಯೂ. ತಂಡದ ಅಭಿಮಾನಿಗಳು, ಐದು ತಾರೆಗಳ ನಕ್ಷತ್ರಪುಂಜದ ಹೆಸರಿನಿಂದ ಕ್ಯಾಸಿಯೋಪಿಯ ಎನಿಸಿಕೊಂಡವರು, ಎಂಟು ಲಕ್ಷ ಸದಸ್ಯರೊಡನೆ ಗಿನ್ನೆಸ್ ದಾಖಲೆಯನ್ನು ಸೇರಿದರು. ಸಂಖ್ಯೆಗಿಂತ ಮುಖ್ಯವಾದದ್ದು 2009ರಲ್ಲಿ ನಡೆಯಿತು. ಆ ತಂಡದ ಮೂವರು, ಹದಿಮೂರು ವರ್ಷ ತಮ್ಮನ್ನು ಕಟ್ಟಿಹಾಕುವ ಕರಾರಿನ ವಿರುದ್ಧ ನ್ಯಾಯಾಲಯದ ಮೆಟ್ಟಿಲನ್ನೇರಿದಾಗ, ಅಭಿಮಾನಿಗಳು ಲಕ್ಷಕ್ಕೂ ಮಿಕ್ಕ ರುಜುಗಳನ್ನು ಕೂಡಿಸಿ ಮನವಿ ಸಲ್ಲಿಸಿದರು. ಅದೇ ವರ್ಷ ಸರಕಾರದ ವ್ಯಾಪಾರ ಆಯೋಗವು ಇಂತಹ ಕರಾರುಗಳಿಗೆ ಏಳು ವರ್ಷದ ಮಿತಿಯ ಮಾದರಿಯೊಂದನ್ನು ಹೊರಡಿಸಿತು.

ಬಿ.ಟಿ.ಎಸ್. ಮೊದಲು ಹಾಡಿದ್ದು 2013ರ ಜೂನ್ 13ರಂದು. ಅಭಿಮಾನಿಗಳಿಗೆ ‘ಆರ್ಮಿ’ ಎಂಬ ನಾಮಕರಣವಾದದ್ದು ಮರುತಿಂಗಳು. ಬಿಗ್ ಹಿಟ್ ಎಂಬ ಅವರ ಕಂಪನಿ ಆಗ ಸಣ್ಣದು, ದೂರದರ್ಶನದ ದೊಡ್ಡ ಬಾಗಿಲುಗಳು ಸುಲಭವಾಗಿ ತೆರೆಯುತ್ತಿರಲಿಲ್ಲ. ಆದಕಾರಣ ತರುಣರು ತಮ್ಮ ದಿನಚರಿಯನ್ನೇ ಚಲನಚಿತ್ರದ ತುಣುಕುಗಳನ್ನಾಗಿ ಮಾಡಿ ಯೂಟ್ಯೂಬಿಗೂ ಟ್ವಿಟರಿಗೂ ಹಾಕುತ್ತ ಹೋದರು. ಎಲ್ಲವೂ ಕೊರಿಯನ್ ಭಾಷೆಯಲ್ಲಿ. ದೌಮ್ ಕೆಫೆಯ ಒಳಮನೆಗೆ ಹೋಗಬೇಕಾದರೆ ತಂಡವನ್ನು ಕುರಿತ ಪ್ರಶ್ನೆಗಳಿಗೆ ಆ ಭಾಷೆಯಲ್ಲಿಯೇ ಉತ್ತರ ಬರೆಯಬೇಕಾಗಿತ್ತು. ಹಂಗುಲ್ ಲಿಪಿಯ ಒಂದಕ್ಷರವನ್ನೂ ಅರಿಯದ ಪರದೇಶದ ಹುಡುಗಿಯರು, ಮೊದಲೇ ಒಳಹೊಕ್ಕವರು ಬರೆದಿಟ್ಟ ಕೈಪಿಡಿಯನ್ನು ಎದುರಿಗಿಟ್ಟುಕೊಂಡು, ಅಕ್ಷರಗಳನ್ನು ರಂಗೋಲಿಯ ಎಳೆಗಳಂತೆ ನೋಡಿ ನೋಡಿ ಒತ್ತುತ್ತಿದ್ದರು.

ಇಲ್ಲಿಯೇ ಭಾಷಾಂತರಕಾರರ ಉದಯವಾಯಿತು. ಸೋಲ್‌ನಲ್ಲಿ ಮಧ್ಯರಾತ್ರಿ ಒಂದು ತುಣುಕು ಹೊರಬಿದ್ದರೆ, ಒಬ್ಬರು ಪ್ರತಿ ಮಾತಿನ ಆರಂಭ ಮುಕ್ತಾಯಗಳ ಕಾಲವನ್ನು ಗುರುತಿಸುವರು, ಮತ್ತೊಬ್ಬರು ಅರ್ಥ ಬರೆಯುವರು, ಮೂರನೆಯವರು ತಿದ್ದುವರು. ಸಂಬಳವಿಲ್ಲ, ಪರಸ್ಪರ ಮುಖಪರಿಚಯವೂ ಇಲ್ಲ. ಅವರನ್ನು ಹೆಚ್ಚಾಗಿ ಕಾಡಿದ್ದು ಸಂಬಂಧವಾಚಕಗಳು. ತಂಡದ ಕಿರಿಯನು ಹಿರಿಯನನ್ನು ಹೆಸರು ಹಿಡಿದು ಕರೆಯುವಂತಿಲ್ಲ, ‘ಹ್ಯೊಂಗ್’ ಎನ್ನಬೇಕು; ಅದೇ ಹಿರಿಯನು ಹುಡುಗಿಯ ಬಾಯಲ್ಲಿ ‘ಒಪ್ಪಾ’ ಆಗುತ್ತಾನೆ. ಇಂಗ್ಲಿಷಿನಲ್ಲಿ ಇದಕ್ಕೆ ಮಾತಿಲ್ಲ. ಕನ್ನಡದ ‘ಅಣ್ಣ’ ಈ ಎರಡಕ್ಕೂ ಸಲ್ಲುತ್ತದೆ, ಕರೆಯುವವರು ಗಂಡೋ ಹೆಣ್ಣೋ ಎಂಬುದನ್ನು ಮಾತ್ರ ಅದು ಬಿಟ್ಟುಕೊಡುವುದಿಲ್ಲ. ಗೌರವ ಸಲಿಗೆಗಳು ಒಂದೇ ಪದದಲ್ಲಿ ಬೆರೆತಿರುವ ಸೂಕ್ಷ್ಮವಂತೂ ನಮಗೆ ವಿವರಣೆಯಿಲ್ಲದೆ ತಿಳಿಯುತ್ತದೆ. ಪ್ರಾಂತಭಾಷೆಯ ತೊಡಕು ಇನ್ನೊಂದು. ಗಾಯಕರಲ್ಲಿ ಒಬ್ಬರು ಗ್ವಾಂಗ್‌ಜುವಿನವರು, ಇಬ್ಬರು ದೇಗುವಿನವರು, ಇಬ್ಬರು ಬುಸಾನಿನವರು. ಮೊದಲ ವರ್ಷದಲ್ಲಿಯೇ ಅವರು ಪ್ರಾಂತಗಳ ನುಡಿಗಳನ್ನು ಜಗಳಕ್ಕಿಳಿಸಿದ ಹಾಡೊಂದನ್ನು ಹಾಡಿದ್ದಾರೆ. ಧಾರವಾಡದ ಮಾತಿನ ಸೊಗಸನ್ನು ಮೈಸೂರಿನವನಿಗೆ ಮನಗಾಣಿಸುವುದೇ ಪ್ರಯಾಸವಾಗಿರುವಾಗ, ಆ ಹಾಡಿನ ಹಾಸ್ಯವನ್ನು ಬ್ರೆಜಿಲ್ಲಿನ ಬಾಲಿಕೆಗೆ ತಿಳಿಸಹೊರಟವರ ಎದೆಗಾರಿಕೆಯನ್ನು ಮೆಚ್ಚಬೇಕು. ಅವರು ಸೋತಲ್ಲಿ ಟಿಪ್ಪಣಿ ಬರೆದರು. ಕೆಲವೊಮ್ಮೆ ಟಿಪ್ಪಣಿ ಮೂಲಕ್ಕಿಂತ ಉದ್ದವಾಯಿತು, ನಮ್ಮ ಹಳೆಯ ವ್ಯಾಖ್ಯಾನಕಾರರಲ್ಲಿ ಆಗುತ್ತಿದ್ದಂತೆಯೇ.

ಮುಂದಿನದು ಪತ್ರಿಕೆಗಳಲ್ಲಿ ಬಂದ ಕಥೆ. 2017ರ ಮೇ ತಿಂಗಳಲ್ಲಿ, ಆರು ವರ್ಷ ಒಂದೇ ಸಮನೆ ಜಸ್ಟಿನ್ ಬೀಬರನ ಪಾಲಾಗಿದ್ದ ಬಿಲ್‌ಬೋರ್ಡ್ ಸಂಸ್ಥೆಯ ಸಾಮಾಜಿಕ ಜಾಲದ ಪ್ರಶಸ್ತಿ ಬಿ.ಟಿ.ಎಸ್.ನ ಕೈಗೆ ಬಂದಿತು. 2018ರ ನವೆಂಬರಿನಲ್ಲಿ, ಗಾಯಕನೊಬ್ಬನು ಹಿಂದೆಂದೋ ತೊಟ್ಟಿದ್ದ, ಪರಮಾಣು ಸ್ಫೋಟದ ಚಿತ್ರವಿದ್ದ ಅಂಗಿಯ ನಿಮಿತ್ತ ಜಪಾನಿನ ದೂರದರ್ಶನ ವಾಹಿನಿಯೊಂದು ತಂಡದ ಕಾರ್ಯಕ್ರಮವನ್ನು ರದ್ದುಮಾಡಿದಾಗ, ಕೆಲವು ಅಭಿಮಾನಿಗಳು ಕೂಗಾಟವನ್ನು ಬಿಟ್ಟು ಕೊರಿಯದ ಮೇಲಿನ ಜಪಾನಿನ ವಸಾಹತುಶಾಹಿಯ ಇತಿಹಾಸವನ್ನೂ ಘಟನೆಯ ಕ್ರಮವನ್ನೂ ವಿವರಿಸುವ ಸುದೀರ್ಘ ಶ್ವೇತಪತ್ರವನ್ನು ರಚಿಸಿದರು. ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಪ್ರಿಯವಾದ ಪ್ರಸಂಗ ಇದು. 2020ರ ಜೂನ್‌ನಲ್ಲಿ ಅಮೆರಿಕದ ಕಪ್ಪು ಜನರ ಚಳವಳಿಗೆ ತಂಡವು 10 ಲಕ್ಷ ಡಾಲರು ಕೊಟ್ಟಿತೆಂದು ತಿಳಿದೊಡನೆ ಅಭಿಮಾನಿಗಳು ಒಂದು ದಿನದ ಆಸುಪಾಸಿನಲ್ಲಿ ಅಷ್ಟೇ ಹಣವನ್ನು ಕೂಡಿಸಿದುದು ಹೆಚ್ಚು ಪ್ರಸಿದ್ಧವಾದರೂ, ಹಣ ಕೂಡಿಸುವವರು ಎಲ್ಲ ಕಾಲದಲ್ಲಿಯೂ ದೊರೆತಿದ್ದಾರೆ. ಅಡಿಟಿಪ್ಪಣಿ ಬರೆಯುವ ಅಭಿಮಾನಿಗಳು ಅಷ್ಟು ಸುಲಭವಾಗಿ ದೊರೆಯುವವರಲ್ಲ.

2019ರಲ್ಲಿ ಕಂಪನಿಯ ಬಳಗವೇ ವೀವರ್ಸ್ ಎಂಬ ಸ್ವಂತ ಆ್ಯಪನ್ನು ಹೊರತಂದು ಅಭಿಮಾನಿಗಳನ್ನು ಅದರೊಳಕ್ಕೆ ಕರೆದುಕೊಂಡಿತು. ಪ್ರಶ್ನೆಗಳಿಗೆ ಉತ್ತರ ಬರೆದು ಬಾಗಿಲು ದಾಟುವ ಪಾಡು ತಪ್ಪಿತು. ಮಾತನ್ನು ಯಂತ್ರವೇ ತರ್ಜುಮೆ ಮಾಡಿಕೊಡುವ ಗುಂಡಿಯೂ ಬಂದಿತು. ಆದರೂ ‘ಹ್ಯೊಂಗ್’ ಎಂಬುದು ಬರಿಯ ‘ಬ್ರದರ್’ ಆಗಿ ಇಳಿದುಬಂದೊಡನೆ, ಎಲ್ಲಿಯೋ ಒಬ್ಬಳು ನಿದ್ದೆ ಬಿಟ್ಟೆದ್ದು, ಇಲ್ಲಿ ಮಾತನಾಡುತ್ತಿರುವವನು ಕಿರಿಯನು, ಸ್ವಲ್ಪ ಮುನಿಸಿನಲ್ಲಿದ್ದಾನೆ, ಎಂದು ಟಿಪ್ಪಣಿ ಬರೆಯತೊಡಗುತ್ತಾಳೆ.