ಬಡಿಗೆ ಅಸ್ತ್ರವಲ್ಲ

ಆಲೂರು ಸೀಮೆಯ ದೇವರಗಟ್ಟಿನಲ್ಲಿ ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರಸ್ವಾಮಿಯ ಉತ್ಸವಮೂರ್ತಿಗಾಗಿ ನಡೆಯುವ ಹೊಡೆದಾಟದ ಸುದ್ದಿ ಹೇಳುವಾಗ, ಜನರ ಕೈಯ ಬಡಿಗೆಗಳನ್ನು ‘ಮಾರಕಾಸ್ತ್ರ’ ಎಂದುಬಿಡುವ ರೂಢಿ ಈಚೆಗೆ ಬಲಿಯುತ್ತಿದೆ. ಎಸೆಯುವುದು ಅಸ್ತ್ರ, ಹಿಡಿದು ಹೊಡೆಯುವುದು ಶಸ್ತ್ರ ಎಂಬ ಹಳೆಯ ವಿವೇಚನೆಯಂತೆ ಗುಂಡು ಹಾರಿಸುವ ಕೋವಿಗೆ ಒಪ್ಪುವ ಹೆಸರನ್ನು ಬಡಿಗೆಗೆ ಅಂಟಿಸುವುದು ಮಾತಿನ ಸೋಮಾರಿತನವೇ ಸರಿ.

ಬಡಿಗೆ ಮೊದಲು ಬಡಿದದ್ದು ಯಾರ ತಲೆಯನ್ನೂ ಅಲ್ಲ, ಕಣದ ತೆನೆಯನ್ನು; ಕಾಳು ಒಡೆಯದಂತೆ, ಹೊಟ್ಟು ಮಾತ್ರ ಬಿಡುವಂತೆ ಅಳೆದು ಬೀಳುವ ಪೆಟ್ಟಿನಿಂದಲೇ ಆ ಪದ ಹುಟ್ಟಿತೆಂದು ನಂಬುವುದು ಹೆಚ್ಚು ಸಮಂಜಸ.

ವಿಶೇಷವೆಂದರೆ ಕಾನೂನೂ ಈ ನಂಬಿಕೆಯ ಕಡೆಗೇ ವಾಲುತ್ತದೆ. ಸಂವಿಧಾನದ 7ನೆಯ ಅನುಸೂಚಿ, ಅಂದರೆ ಕೇಂದ್ರಕ್ಕೂ ರಾಜ್ಯಗಳಿಗೂ ಅಧಿಕಾರ ಹಂಚುವ ಪಟ್ಟಿಗಳ ಭಾಗವು, ಆಯುಧ, ಬಂದೂಕು, ಮದ್ದುಗುಂಡು, ಸ್ಫೋಟಕಗಳನ್ನು ಕೇಂದ್ರಪಟ್ಟಿಯ 5ನೆಯ ನಮೂದಿನಲ್ಲಿ ಇಟ್ಟಿದೆ. ಆದುದರಿಂದ 1953ರ ಅಕ್ಟೋಬರ್ 1ರಂದು ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದರೂ ಗಡಿಯ ಎರಡೂ ಕಡೆ ಕೋವಿಗೆ ಕಾಯ್ದೆ ಒಂದೇ. ಆದರೆ ಅದೇ 1959ರ ಆಯುಧ ಕಾಯ್ದೆ, ಆಯುಧವೆಂದರೇನು ಎಂದು ವಿವರಿಸುವಾಗ, ಕೇವಲ ಮನೆಬಳಕೆಗೆ ಇಲ್ಲವೇ ಬೇಸಾಯಕ್ಕೆಂದು ಮಾಡಿದ ಲಾಠಿ, ಊರುಗೋಲುಗಳಂಥವನ್ನು ಹೊರಗಿಟ್ಟಿದೆ. ‘ಕೇವಲ’ ಎಂಬ ಮಾತು ಇಲ್ಲಿ ಮುಖ್ಯ. ಕಬ್ಬಿಣದ ಬಳೆ ಬಿಗಿದು ಕಾದಾಟಕ್ಕೆಂದೇ ಸಿದ್ಧಪಡಿಸಿದ ಬಡಿಗೆ ಆ ರಿಯಾಯಿತಿಯನ್ನು ಕೇಳಲಾರದು. ಉಳಿದ ಬಡಿಗೆಗಳಿಂದ ಶಾಂತಿ ಕದಡದಂತೆ ಕಾಯುವ ಹೊಣೆ ರಾಜ್ಯಪಟ್ಟಿಯ ಮೊದಲೆರಡು ನಮೂದುಗಳಾದ ಸಾರ್ವಜನಿಕ ಸುವ್ಯವಸ್ಥೆ ಮತ್ತು ಪೊಲೀಸಿಗೆ ಸೇರಿದ್ದು.

ಅಧಿಕಾರದ ಈ ಎಲ್ಲೆಯನ್ನು ‘ಹಾವೂ ಸಾಯಬಾರದು, ಕೋಲೂ ಮುರಿಯಬಾರದು’ ಎಂಬ ಗಾದೆ ಚೆನ್ನಾಗಿ ಬಲ್ಲದು. ಹಾವು ಸಾಯಲೇಬೇಕೆಂಬ ಪಾಠವೂ ಕೆಲವರ ಬಾಯಲ್ಲಿದೆ, ಹಿಂದಿಯ ಲಾಠಿಯ ಗಾದೆ ಹೇಳುವುದೂ ಅದನ್ನೇ. ಆದರೆ ಹಾವನ್ನು ಉಳಿಸುವ ಪಾಠವೇ ಹಿರಿದು. ಹಾವು ಹಾದಿ ಬಿಟ್ಟು ಸರಿದರೆ ಕೋಲಿನ ಕೆಲಸ ಮುಗಿಯಿತು, ಅದರಾಚೆ ಬೀಳುವ ಪೆಟ್ಟು ಹಾವನ್ನು ಕೊಲ್ಲುವುದರ ಜೊತೆಗೆ ಕೋಲನ್ನೂ ಮುರಿಯುತ್ತದೆ; ಕೋಲು ಹಿಡಿದವನಿಗೆ ಹೇಳಿದ ಈ ಮಾತು ಕಾಯ್ದೆ ಹಿಡಿದವರಿಗೂ ಸಲ್ಲುತ್ತದೆ.

ಪದದ ಎಲ್ಲೆ ಅಳಿಸಿದರೆ ಅಧಿಕಾರದ ಎಲ್ಲೆಯೂ ಮಸುಕಾಗುತ್ತದೆ. ಕೋವಿಯನ್ನು ಕೋವಿಯೆಂದೂ ಬಡಿಗೆಯನ್ನು ಬಡಿಗೆಯೆಂದೂ ಕರೆಯಬೇಕು.